ಪುಟ್ಟ ಕೈಗಳಲ್ಲಿ ಎರೆಹುಳು

ಪ್ರಶ್ನೆ: ನಮ್ಮದು ಪೆರ್ಲದ ಹತ್ತಿರದ ಅಂಗನವಾಡಿ. ಮಳೆ ಬಂದರೆ ಅಂಗಳದ ತುಂಬಾ ಎರೆಹುಳು. ಕೆಲವು ಮಕ್ಕಳು ಕಿರುಚುತ್ತಾರೆ. ಕೆಲವರು ಕಡ್ಡಿಯಿಂದ ತುಂಡು ಮಾಡಿ ‘ಈಗ ಎರಡು ಹುಳು ಆಯ್ತು’ ಎನ್ನುತ್ತಾರೆ. ಇವರಿಗೆ ಏನು ಹೇಳಿಕೊಡಲಿ?
– ಒಬ್ಬ ಟೀಚರ್

ಉತ್ತರ: ಟೀಚರೇ, ಮೊದಲು ಆ ಕಡ್ಡಿ ತೆಗೆದಿಡಿ. ತುಂಡಾದರೆ ಎರಡು ಹುಳು ಆಗುವುದಿಲ್ಲ. ಬಾಲದ ತುದಿ ಹೋದರೆ ತಲೆಯ ಭಾಗ ಬದುಕೀತು, ಅಷ್ಟೇ.

ಪಾಠ ಜಾಸ್ತಿ ಬೇಡ. ತೋಟದ ಸೋಗೆಯಡಿಯಿಂದ ಒಂದು ಹುಳು ತಂದು ಒದ್ದೆ ಅಡಿಕೆ ಹಾಳೆಯಲ್ಲಿ ಬಿಡಿ. ಅದಕ್ಕೆ ಮೂಗಿಲ್ಲ, ಶ್ವಾಸಕೋಶವೂ ಇಲ್ಲ. ಒದ್ದೆ ಚರ್ಮದಿಂದಲೇ ಉಸಿರಾಟ. ಒಣಗಿದರೆ ಸತ್ತೇ ಹೋಗುತ್ತದೆ. ಹಾಗಾಗಿ ಮುಟ್ಟುವ ಕೈ ಒದ್ದೆ ಇರಲಿ, ಬಿಸಿಲು ಬೇಡ. ಆಮೇಲೆ ಸ್ವಲ್ಪ ಹೊತ್ತು ಪೇಪರ್ ಮೇಲೆ ಬಿಟ್ಟು ಎಲ್ಲರೂ ಕಿವಿಗೊಡಿ. ಸರಸರ ಸದ್ದು ಕೇಳುತ್ತದೆ. ಅದು ಮೈಮೇಲಿನ ಸಣ್ಣ ಬಿರುಗೂದಲು ಉಜ್ಜುವ ಸದ್ದು. ನನಗಂತೂ ಇದೇ ಬಲು ಇಷ್ಟ.

ವಿಜ್ಞಾನಿ ಡಾರ್ವಿನ್ ಎರೆಹುಳುಗಳಿಗೆ ಪಿಯಾನೋ ಕೇಳಿಸಿದ್ದರು! ಸದ್ದಿಗೆ ಅವು ಅಲುಗಲಿಲ್ಲ. ಹುಳುಗಳಿದ್ದ ಕುಂಡವನ್ನು ಪಿಯಾನೋ ಮೇಲೆಯೇ ಇಟ್ಟು ನುಡಿಸಿದಾಗ ಅದುರುವಿಕೆಗೆ ಬೆಚ್ಚಿ ಬಿಲದೊಳಗೆ ಸರಿದವು. 1881ರಲ್ಲಿ ಇದನ್ನೆಲ್ಲ ಬರೆದಿಟ್ಟರು. ಅಂಗನವಾಡಿಗೆ ಪಿಯಾನೋ ಎಲ್ಲಿಂದ ತರೋದು, ಅಲ್ವಾ? ಕುಂಡ ಇಟ್ಟ ಮೇಜನ್ನು ಮೆಲ್ಲಗೆ ತಟ್ಟಿ ನೋಡಿ.

ಕಿರುಚುವ ಮಗುವನ್ನು ಸುಮ್ನೆ ಒತ್ತಾಯ ಮಾಡಬೇಡಿ, ದೂರದಿಂದಲೇ ನೋಡಲಿ. ಆಟ ಮುಗಿದ ಮೇಲೆ ಹುಳುವನ್ನು ಸೋಗೆಯಡಿಗೇ ಬಿಡಿ, ಮಕ್ಕಳ ಕೈಗೆ ಸೋಪು ಹಾಕಿಸಿ.