ಒತ್ತೆಯಿಟ್ಟ ಮಕ್ಕಳು ವಾಪಸ್ ಬಂದ ಮೇಲೆ ಕಾದಂಬರಿ ಸಪ್ಪೆಯಾಗುತ್ತಿದೆ ಅಂದವರಿಗೆ

ಟಿಪ್ಪು ಸುಲ್ತಾನನ ಮೇಲೆ ಕಾದಂಬರಿ ಬರೆಯುತ್ತಿದ್ದೀರಿ, ಬ್ರಿಟಿಷರಲ್ಲಿ ಒತ್ತೆಯಿಟ್ಟ ಅವನ ಮಕ್ಕಳು ವಾಪಸ್ ಬಂದ ಮೇಲೆ ಕಥೆ ಸಪ್ಪೆಯಾಗುತ್ತಿದೆ ಅಂದಿದ್ದೀರಿ. ನೀವು ಬರೀ ಟಿಪ್ಪುವಿನ ಕಣ್ಣಿಂದ ಬರೆದಿರೋದೇ ಕಾರಣ ಇರಬೇಕು. ಅಧ್ಯಾಯ ಓದದೆ ಹೇಳುತ್ತಿದ್ದೇನೆ, ತಪ್ಪಿರಬಹುದು. ಆದರೆ ಮಕ್ಕಳನ್ನು ಒಪ್ಪಿಸಿದ ದಿನ ಅಪ್ಪನ ದೊಡ್ಡ ದೃಶ್ಯ ಮುಗಿದುಹೋಗುತ್ತದೆ, ಹುಡುಗರದ್ದು ಆಗಷ್ಟೇ ಶುರು ಅಲ್ವಾ?

ಮೊದಲು ದುಡ್ಡಿನ ಲೆಕ್ಕವನ್ನು ಕಥೆಯೊಳಗೆ ತನ್ನಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು, ಅದಕ್ಕೆ ಜಾಮೀನಾಗಿ ಟಿಪ್ಪುವಿನ ಮಕ್ಕಳು ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಇಬ್ಬರೂ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ವಶ. ಬಾಕಿ ಕಂತು ಯಾರ್ಯಾರ ಮನೆಯಿಂದ ಬಂತು ಅಂತ ಒಂದು ಸಾಲಾದರೂ ಬೇಕು. ಸುಲ್ತಾನನ ಮಕ್ಕಳನ್ನು ಬಿಡಿಸಿದ್ದು ಬೇರೆಯವರ ಮಕ್ಕಳ ಊಟವೂ ಹೌದು.

ಆಮೇಲೆ ಹುಡುಗರನ್ನು ಒತ್ತೆಯಾಗಿ ಇಟ್ಟಿದ್ದ ಮದ್ರಾಸಿಗೆ ಹೋಗಿ. ಮಕ್ಕಳನ್ನು ಒಪ್ಪಿಸುವ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಬಿಡಿಸಿದ್ದಾರಲ್ಲ, ಅದನ್ನು ನೋಡಿ, ಕಾರ್ನ್‌ವಾಲಿಸ್ ಥೇಟ್ ತಂದೆಯ ಹಾಗೆ ಬರಮಾಡಿಕೊಳ್ಳುತ್ತಾನೆ. ಪ್ರಚಾರ, ಸರಿ. ಆದರೆ ಆ ಎಳೆ ಹುಡುಗನಿಗೂ ಹಾಗೇ ಅನಿಸಿಬಿಟ್ಟಿದ್ದರೆ? ನಿಮ್ಮ ಎರಡನೇ ಭಾಗ ಇಲ್ಲಿದೆ ಅಂತ ನನ್ನ ಅಂದಾಜು.

1794ರಲ್ಲಿ ಬಂದವರನ್ನು ಸುಮ್ನೆ ಅಪ್ಪಿಕೊಂಡು ಅಳಿಸಬೇಡಿ, ಸ್ವಲ್ಪ ಹೊತ್ತು ಮಾತೇ ಹೊರಡದಿರಲಿ. 1799ಕ್ಕೆ ಕಥೆ ನಿಲ್ಲಿಸಲೂಬೇಡಿ. ಬಿಡಿಸಿಕೊಂಡು ಐದೇ ವರ್ಷ, ಅಪ್ಪ ಸತ್ತ, ಅವರು ಮತ್ತೆ ಅದೇ ಕಂಪನಿಯ ಕಾವಲಲ್ಲಿ ವೆಲ್ಲೂರು ಕೋಟೆ ಸೇರಿದರು. 1806ರ ಸಿಪಾಯಿ ದಂಗೆಯಾದ ಮೇಲೆ ಕುಟುಂಬವನ್ನು ಕಲ್ಕತ್ತಾಗೆ ಸಾಗಿಸಿದರು.

ಸದ್ಯಕ್ಕೆ ಮದ್ರಾಸಿನ ಒಂದೇ ಅಧ್ಯಾಯ ಚಿಕ್ಕ ಮಗನ ಬಾಯಲ್ಲಿ ಬರೆದು ನೋಡಿ, ಉಳಿದದ್ದನ್ನು ಆಮೇಲೆ ಮುಟ್ಟಿ.