ಕೋಸ್ಟರಿಕಾದಲ್ಲಿ ಸೈನ್ಯ ತೆಗೆದುಹಾಕಿದ ಅಧ್ಯಕ್ಷ ಯಾರು? ಅವರ ಸಾಧನೆ ಏನು?

ಅವರ ಹೆಸರು ಹೋಸೆ ಫಿಗೆರೆಸ್ ಫೆರೆರ್. ಅಲ್ಲಿನ ಜನ ಪ್ರೀತಿಯಿಂದ ದೋನ್ ಪೆಪೆ ಅನ್ನುತ್ತಾರೆ. ಮಧ್ಯ ಅಮೆರಿಕದ ನಾಯಕರಲ್ಲಿ ನನಗೆ ತುಂಬಾ ಇಷ್ಟವಾದವರು ಇವರೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹುಟ್ಟಿದ್ದು 1906ರಲ್ಲಿ. ಅಪ್ಪ ಅಮ್ಮ ಸ್ಪೇನಿನಿಂದ ವಲಸೆ ಬಂದವರು. ಹುಡುಗನಾಗಿದ್ದಾಗ ಅಮೆರಿಕಕ್ಕೆ ಹೋಗಿ, ಬಾಸ್ಟನ್ನಿನ ಲೈಬ್ರರಿಯಲ್ಲಿ ಕೂತು ತಾವೇ ಓದಿಕೊಂಡರು. ವಾಪಸ್ ಬಂದು ಗುಡ್ಡಗಾಡಿನಲ್ಲಿ ಜಮೀನು ಮಾಡಿದರು. ಅದಕ್ಕೆ ಇಟ್ಟ ಹೆಸರು 'ಕೊನೆಯಿಲ್ಲದ ಹೋರಾಟ'. ಬೆಳೆದದ್ದು ನಮ್ಮ ಕತ್ತಾಳೆಯ ಹಾಗೆ ನಾರು ಕೊಡುವ ಗಿಡ. ಆ ನಾರಿನಿಂದ ಹಗ್ಗ, ಕಾಫಿ ತುಂಬುವ ಚೀಲ ಮಾಡಿಸುತ್ತಿದ್ದರು.

1942ರಲ್ಲಿ ರೇಡಿಯೋದಲ್ಲಿ ಸರ್ಕಾರವನ್ನು ಟೀಕಿಸುತ್ತಿದ್ದಾಗ, ಮಾತು ಮುಗಿಯುವ ಮೊದಲೇ ಪೊಲೀಸರು ಹಿಡಿದರು. ದೇಶದಿಂದ ಆಚೆ ಹಾಕಿದರು. 1948ರಲ್ಲಿ ವಿರೋಧ ಪಕ್ಷದ ಒಟಿಲಿಯೊ ಉಲಾಟೆ ಗೆದ್ದ ಚುನಾವಣೆಯನ್ನು ಸಂಸತ್ತು ರದ್ದು ಮಾಡಿತು. ಆಗ ಫಿಗೆರೆಸ್ ಬಂದೂಕು ಎತ್ತಿದರು. 44 ದಿನದ ಅಂತರ್ಯುದ್ಧ ನಡೆದು ಇವರ ಪಡೆ ಗೆದ್ದಿತು.

ಗೆದ್ದವರು ಸಾಮಾನ್ಯವಾಗಿ ಸೈನ್ಯವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ ಅಲ್ವಾ? ಇವರು 1948ರ ಡಿಸೆಂಬರ್ 1ರಂದು ರಾಜಧಾನಿ ಸಾನ್ ಹೋಸೆಯಲ್ಲಿ ಸೈನ್ಯದ ನೆಲೆಯಾಗಿದ್ದ ಬೆಲ್ಲಾವಿಸ್ತಾ ಕೋಟೆಗೆ ಹೋಗಿ, ಇನ್ನು ಸೈನ್ಯ ಬೇಡ ಅನ್ನುವುದರ ಗುರುತಾಗಿ ಸುತ್ತಿಗೆ ಎತ್ತಿ ಗೋಡೆಗೆ ಹೊಡೆದರು. ಕೋಟೆಯ ಬೀಗದ ಕೈಯನ್ನು ಶಿಕ್ಷಣ ಮಂತ್ರಿಗೆ ಕೊಟ್ಟರು. ಇವತ್ತು ಅದು ರಾಷ್ಟ್ರೀಯ ಮ್ಯೂಸಿಯಂ. ಗೋಪುರದ ಗೋಡೆಯಲ್ಲಿ ಗುಂಡು ಬಿದ್ದ ಗುಂಡಿಗಳು ಈಗಲೂ ಹಾಗೇ ಇವೆ.

ಸೋತ ಸೈನ್ಯ ಮತ್ತೆ ತಿರುಗಿಬೀಳಬಾರದು ಅನ್ನುವ ಲೆಕ್ಕಾಚಾರವೂ ಇದರಲ್ಲಿ ಇತ್ತು, ನಿಜ. ಆದರೆ ಮುಂದಿನದು ನೋಡಿ. ಹತ್ತು ದಿನ ಕಳೆಯುವುದರೊಳಗೆ ಸೋತವರು ನಿಕರಾಗುವಾ ಕಡೆಯಿಂದ ನುಗ್ಗಿದರು. ಆಗಲೂ ಫಿಗೆರೆಸ್ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸ್ವಯಂಸೇವಕರನ್ನು ಸೇರಿಸಿಕೊಂಡು, ಅಮೆರಿಕ ಖಂಡದ ದೇಶಗಳ ಸಂಘಟನೆಗೆ ದೂರು ಕೊಟ್ಟರು. ದಾಳಿ ನಿಂತಿತು. 1949ರ ಸಂವಿಧಾನದ 12ನೇ ವಿಧಿಯಲ್ಲಿ ಕಾಯಂ ಸೈನ್ಯ ಇಲ್ಲ ಅಂತಲೇ ಬರೆದರು.

18 ತಿಂಗಳು ಆಡಳಿತ ನಡೆಸಿ, ಮೊದಲೇ ಮಾತು ಕೊಟ್ಟ ಹಾಗೆ ಉಲಾಟೆಗೆ ಅಧಿಕಾರ ಒಪ್ಪಿಸಿ ಜಮೀನಿಗೆ ಹೋದರು. ಅಷ್ಟರಲ್ಲೇ ಬ್ಯಾಂಕುಗಳು ರಾಷ್ಟ್ರೀಕರಣವಾಗಿದ್ದವು, ಹೆಂಗಸರಿಗೆ ಮತದ ಹಕ್ಕು ಬಂದಿತ್ತು. ತಾವು ಸೋಲಿಸಿದವರೇ ತಂದಿದ್ದ ಕಾರ್ಮಿಕ ಕಾನೂನನ್ನು ಮುಟ್ಟಲಿಲ್ಲ. ಇದು ಸಣ್ಣ ಮಾತಲ್ಲ. ಆಮೇಲೆ ಚುನಾವಣೆ ಗೆದ್ದೇ ಎರಡು ಸಲ ಅಧ್ಯಕ್ಷರಾದರು: 1953ರಿಂದ 58, ಮತ್ತೆ 1970ರಿಂದ 74.

ತಪ್ಪುಗಳೂ ಇವೆ. ಯುದ್ಧದ ನಂತರ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದರು. ಕೊನೆಯ ಅವಧಿಯಲ್ಲಿ ಅಮೆರಿಕದಿಂದ ವಂಚನೆ ಆರೋಪ ಹೊತ್ತು ಓಡಿಬಂದ ರಾಬರ್ಟ್ ವೆಸ್ಕೊಗೆ ಆಶ್ರಯ ಕೊಟ್ಟರು. ಅದನ್ನು ಇವತ್ತಿಗೂ ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ.

ಅದೇ ಅವಧಿಯಲ್ಲೇ ಮಕ್ಕಳಿಗೆ ಸಂಗೀತ ಕಲಿಸುವ ಯುವ ವಾದ್ಯವೃಂದ ಶುರುವಾಯಿತು. ಬಡ ದೇಶಕ್ಕೆ ಇದೆಲ್ಲ ಯಾಕೆ ಅನ್ನುವವರಿಗೆ ಅವರು ಕೇಳಿದ್ದು ಒಂದೇ: ಪಿಟೀಲು ಇಲ್ಲದ ಮೇಲೆ ಟ್ರ್ಯಾಕ್ಟರ್ ಯಾಕೆ?