ವಾಸ್ತುಶಿಲ್ಪಿಯೊಬ್ಬರು ತಮ್ಮದೇ ಆದ ವಿನ್ಯಾಸ ದೃಷ್ಟಿಯನ್ನು ರೂಪಿಸಿಕೊಳ್ಳುವುದು ಹೇಗೆ?

ವಿನ್ಯಾಸ ದೃಷ್ಟಿಯನ್ನು ಮೊದಲು ಬರೆದಿಟ್ಟುಕೊಂಡು ಅನಂತರ ಕಟ್ಟಡಕ್ಕೆ ಅನ್ವಯಿಸಹೊರಟರೆ ಅದು ಬಹುಪಾಲು ಎರವಲು ಮಾತಾಗಿಯೇ ಉಳಿಯುತ್ತದೆ. ಒಂದೇ ಪ್ರಶ್ನೆಯನ್ನು ಕೆಲಸದಿಂದ ಕೆಲಸಕ್ಕೆ ಬಿಡದೆ ಕೇಳುತ್ತ ಹೋದಾಗ ಮಾತ್ರ ಅದು ಗಟ್ಟಿಯಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಇದಕ್ಕೆ ವಾಸ್ತುಶಿಲ್ಪಿ ಲಾರಿ ಬೇಕರ್ ಅವರಿಗಿಂತ ಒಳ್ಳೆಯ ನಿದರ್ಶನ ನನಗೆ ಕಾಣುವುದಿಲ್ಲ.

1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಬೇಕರ್, ಮನೆಯ ಸಾಮಗ್ರಿಯೆಲ್ಲ ಐದು ಮೈಲಿಯೊಳಗೇ ಸಿಗುವಂತಿರಬೇಕೆಂಬ ಗಾಂಧೀಜಿಯವರ ವಿಚಾರವನ್ನು ಮನಸ್ಸಿಗೆ ತಂದುಕೊಂಡರು. ಹಿಮಾಲಯದ ಪಿಥೋರಗಢದಲ್ಲಿ ನೆಲೆಸಿದ್ದ ವರ್ಷಗಳಲ್ಲಿ ಅಲ್ಲಿನವರು ಮನೆ ಕಟ್ಟುವ ಕ್ರಮದಿಂದ ಕಲಿತರು. ಮುಂದೆ ಕೇರಳದಲ್ಲಿ ಕಟ್ಟಡದ ಪ್ರತಿಯೊಂದು ಅಂಶವೂ ನಿಜಕ್ಕೂ ಅಗತ್ಯವೇ ಎಂದು ಪರೀಕ್ಷಿಸಿದರು. ಅದರ ಫಲವಾಗಿ ಗೋಡೆಗೆ ಅವರು ಬಳಸಿದ್ದು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ರ‍್ಯಾಟ್ ಟ್ರ್ಯಾಪ್ ಬಾಂಡ್ ಪದ್ಧತಿ: ಇದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನ ಗಾಳಿ ಬಿಸಿಲಿನ ತಾಪವನ್ನೂ ತಡೆಯುತ್ತದೆ. ತಾರಸಿಯ ಕೆಳಭಾಗದಲ್ಲಿ ಭಾರದಿಂದಾಗುವ ಎಳೆತವನ್ನು ಒಳಗಿನ ಕಬ್ಬಿಣದ ಸರಳುಗಳೇ ಹೊರುವುದರಿಂದ, ಅಲ್ಲಿನ ಕಾಂಕ್ರೀಟನ್ನು ಕಡಿಮೆ ಮಾಡಿ ನಮ್ಮ ಮಂಗಳೂರು ಹೆಂಚನ್ನು ಸೇರಿಸಿದರು.

ಆದ್ದರಿಂದ ನೀವು ಮುಗಿಸಿದ ಕಟ್ಟಡಕ್ಕೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಹೋಗಿ, ಅಲ್ಲಿ ವಾಸಿಸುವವರನ್ನೂ ಕಟ್ಟಿದ ಗಾರೆ ಕೆಲಸದವರನ್ನೂ ವಿಚಾರಿಸಿ, ಯಾವ ನಿರ್ಧಾರ ಉಳಿದುಕೊಂಡಿತೆಂದು ಬರೆದಿಟ್ಟುಕೊಳ್ಳಿ. ಮುಂದಿನ ನಕ್ಷೆಯನ್ನು ಆ ಬರಹವನ್ನು ಎದುರಿಗಿಟ್ಟುಕೊಂಡೇ ಆರಂಭಿಸಿ.